ಜಪ್ಪಯ್ಯ ಅಂದರೂ ಒಡೆಯದ ದಿಮ್ಮಿಗಳನ್ನು ಮನೆಮಂದಿ ಸೇರಿ ಸೀಳುವುದು ಹೇಗೆ?

ಪ್ರಶ್ನೆ: ಬಿದ್ದುಹೋದ ಹಳೆಯ ಹುಣಸೆಮರವನ್ನು ವರ್ಷದ ಹಿಂದೆ ತುಂಡು ಹಾಕಿಸಿದ್ದೆವು. ಒಂದೂವರೆ ಅಡಿ ಉದ್ದದ, ತಬ್ಬಿ ಹಿಡಿಯುವಷ್ಟು ದಪ್ಪದ 30ಕ್ಕೂ ಹೆಚ್ಚು ದಿಮ್ಮಿಗಳಿವೆ. ಕೊಡಲಿ ಹಾಕಿದರೆ ಪುಟಿದು ಬರುತ್ತದೆ, ಇಲ್ಲವೇ ಸಿಕ್ಕಿಹಾಕಿಕೊಂಡು ಹೊರಗೇ ಬರುವುದಿಲ್ಲ. ಇದ್ದ ಒಂದು ಕಬ್ಬಿಣದ ಬೆಣೆಯೂ ಒಂದು ದಿಮ್ಮಿಯೊಳಗೆ ಹೂತುಹೋಗಿದೆ. ನಮ್ಮ ಯಜಮಾನರು ಇನ್ನೂ ಭಾರದ ಕೊಡಲಿ ಬೇಕು ಅನ್ನುತ್ತಾರೆ. ಮಾವನವರು ಇನ್ನೊಂದು ವರ್ಷ ಬಿಸಿಲಿಗೆ ಬಿಡಿ, ತಾನಾಗಿ ಸಡಿಲವಾಗುತ್ತೆ ಅನ್ನುತ್ತಾರೆ. 16 ವರ್ಷದ ಮಗ, 10 ವರ್ಷದ ಮಗಳು ಇಬ್ಬರೂ ನಾವೂ ಬರ್ತೀವಿ ಅಂತ ಹಟ ಹಿಡಿದಿದ್ದಾರೆ. ಯಂತ್ರ ತರಿಸದೆ ನಾವೇ ಒಡೆಯಲು ಸಾಧ್ಯವೇ? ಮಕ್ಕಳನ್ನು ಸೇರಿಸಿಕೊಳ್ಳಬಹುದೇ?

ಉತ್ತರ: ಸಾಧ್ಯ. ಮಕ್ಕಳನ್ನೂ ಸೇರಿಸಿಕೊಳ್ಳಬಹುದು. ಆದರೆ ಈಗ ಹೊಡೆಯುತ್ತಿರುವ ಹಾಗೆ ಹೊಡೆಯುತ್ತಾ ಹೋದರೆ ಆಗುವುದಿಲ್ಲ.

ಮೊದಲು ಮನೆಯೊಳಗಿನ ವಾದ ತೀರಿಸಿಬಿಡೋಣ. ಮಾವನವರ ಮಾತು ಅರ್ಧ ನಿಜ. ಮರ ಒಣಗುವಾಗ ಮೊದಲು ಹೋಗುವುದು ನಾಳಗಳ ಪೊಳ್ಳಿನಲ್ಲಿ ನಿಂತಿರುವ ನೀರು. ಅದು ಹೋಗುವಷ್ಟು ಕಾಲ ಮರದ ಬಲದಲ್ಲಿ ದೊಡ್ಡ ವ್ಯತ್ಯಾಸವಾಗುವುದಿಲ್ಲ. ತೇವ ಶೇ 30ರ ಆಸುಪಾಸಿಗೆ ಇಳಿದ ಮೇಲೆ ನಾರಿನ ಗೋಡೆಯೊಳಗೆ ಹಿಡಿದಿಟ್ಟ ನೀರು ಆರತೊಡಗುತ್ತದೆ. ಅಲ್ಲಿಂದ ಮುಂದೆ ಮರ ಕುಗ್ಗುತ್ತದೆ, ಬಿರುಕು ಬಿಡುತ್ತದೆ, ಜೊತೆಗೆ ಗಟ್ಟಿಯೂ ಆಗುತ್ತದೆ. ಅಂದರೆ ಬಿಸಿಲು ನಿಮಗೆ ಬಿರುಕು ಕೊಟ್ಟಿದೆ, ಪ್ರತಿಯಾಗಿ ಮರವನ್ನು ಬಿರುಸು ಮಾಡಿದೆ. ನಿಮ್ಮ ದಿಮ್ಮಿಗಳಿಗೆ ಒಂದು ವರ್ಷವಾಯಿತು, ತುದಿಗಳಲ್ಲಿ ಬಿರುಕು ಬಂದಿರಲೇಬೇಕು. ಇನ್ನೊಂದು ವರ್ಷ ಬಿಟ್ಟರೆ ಗಟ್ಟಿತನ ಹೆಚ್ಚುತ್ತದೆಯೇ ಹೊರತು ಕೆಲಸ ಹಗುರವಾಗುವುದಿಲ್ಲ. ಹುಣಸೆ, ಜಾಲಿ, ನೀಲಗಿರಿಯಂಥ ಮರಗಳನ್ನು ಹಸಿಯಿದ್ದಾಗಲೇ ಸೀಳಿಡುವುದು ಒಳ್ಳೆಯದು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಆ ಕಾಲ ಮೀರಿತು. ಹಾಗಿರುವಾಗ ಈಗಲೇ ಒಡೆಯಿರಿ.

ಯಜಮಾನರ ಭಾರದ ಕೊಡಲಿಯ ಮಾತಿಗೆ ಒಂದು ಲೆಕ್ಕ ಸಾಕು. ಕೊಡಲಿಯ ಭಾರ ಎರಡು ಪಟ್ಟಾದರೆ ಏಟಿನ ಶಕ್ತಿ ಎರಡು ಪಟ್ಟಾಗುತ್ತದೆ. ವೇಗ ಎರಡು ಪಟ್ಟಾದರೆ ನಾಲ್ಕು ಪಟ್ಟಾಗುತ್ತದೆ. ಎತ್ತುವುದಕ್ಕೇ ಒದ್ದಾಡುವಂಥ ಭಾರ ಕೈಯಲ್ಲಿದ್ದರೆ ವೇಗ ಸಾಯುತ್ತದೆ, ಗುರಿಯೂ ತಪ್ಪುತ್ತದೆ. ಕೆನ್ನೆ ಉಬ್ಬಿದ, ಎರಡೂವರೆಯಿಂದ 3 ಕೆ.ಜಿ. ತೂಗುವ ಒಡೆಯುವ ಕೊಡಲಿ ಸಾಮಾನ್ಯ ಮೈಕಟ್ಟಿನವರಿಗೆ ಸಾಕು. ಮರ ಕಡಿಯುವ ತೆಳು ಅಲಗಿನ ಕೊಡಲಿಯಿಂದ ಒಡೆಯಲು ಹೊರಟಿದ್ದರೆ ಅದು ಸಿಕ್ಕಿಹಾಕಿಕೊಳ್ಳುವುದು ಸಹಜ. ತೆಳು ಅಲಗು ನಾರನ್ನು ಕತ್ತರಿಸಲು ಹುಟ್ಟಿದ್ದು. ಸೀಳಬೇಕಾದರೆ ಎರಡು ಪಕ್ಕಕ್ಕೆ ನೂಕುವ ದಪ್ಪ ಕೆನ್ನೆ ಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಹುಣಸೆ ಯಾಕೆ ಇಷ್ಟು ಮೊಂಡು? ನೇರ ಎಳೆಯ ಮರದಲ್ಲಿ ನಾರುಗಳು ಕಟ್ಟಿಟ್ಟ ದರ್ಭೆಯ ಹಾಗೆ ಸಾಲಾಗಿ ನಿಂತಿರುತ್ತವೆ. ತಿರುಳಿನಿಂದ ತೊಗಟೆಯ ಕಡೆಗೆ ಗಾಲಿಯ ಕಡ್ಡಿಗಳಂತೆ ಹರಡಿದ ಸೂಕ್ಷ್ಮ ರೇಖೆಗಳೂ ಇರುತ್ತವೆ, ಆ ಗುಂಟ ಮರ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಆದ್ದರಿಂದಲೇ ನೇರ ಮರಕ್ಕೆ ನಡು ತಿರುಳಿನ ಮೇಲೆ ಹಾದುಹೋಗುವಂತೆ ಒಂದು ಏಟು ಹಾಕಿದರೆ ಎರಡು ಹೋಳು. ಹುಣಸೆಯಂಥ ಮರದಲ್ಲಿ ನಾರುಗಳು ಒಂದಷ್ಟು ಕಾಲ ಬಲಕ್ಕೆ ವಾಲಿ ಬೆಳೆದು, ಆಮೇಲೆ ಎಡಕ್ಕೆ ವಾಲಿ ಬೆಳೆದು, ಪದರದ ಮೇಲೆ ಪದರ ಹೆಣೆದುಕೊಂಡಿರುತ್ತವೆ. ನಡುವಿನಿಂದ ಸೀಳಲು ಹೋದರೆ ಬಲಕ್ಕೆ ವಾಲಿದ ಪದರ, ಎಡಕ್ಕೆ ವಾಲಿದ ಪದರ, ಮತ್ತೆ ಬಲಕ್ಕೆ ವಾಲಿದ ಪದರ, ಎಲ್ಲವನ್ನೂ ಒಟ್ಟಿಗೇ ಹರಿಯಬೇಕಾಗುತ್ತದೆ. ಇಂಥ ಮರಕ್ಕೆ ಎದೆಯ ಮೇಲೆ ಹೊಡೆಯಬಾರದು, ಪಕ್ಕೆಯಿಂದ ಬಿಡಿಸಬೇಕು. ಅಂಚಿನಿಂದ ಒಳಗೆ ಮೂರು ನಾಲ್ಕು ಬೆರಳಷ್ಟು ಜಾಗ ಬಿಟ್ಟು, ತೊಗಟೆಗೆ ಸಮಾನಾಂತರವಾಗಿ ಹೊಡೆದು ಹಲಗೆಯಂತೆ ಒಂದೊಂದೇ ಪಕ್ಕೆ ತೆಗೆಯಿರಿ. ಆಗ ಸೀಳು ಬಹುಮಟ್ಟಿಗೆ ಒಂದೇ ಪದರದೊಳಗೆ ಸಾಗುತ್ತದೆ, ಹರಿಯಬೇಕಾದ ನಾರು ಕಡಿಮೆ. ಸುತ್ತ ನಾಲ್ಕಾರು ಪಕ್ಕೆ ಹೋದ ಮೇಲೆ ನಡುವೆ ಉಳಿಯುವ ಚೌಕದ ಚೇಗು ಸಣ್ಣದಾಗಿರುತ್ತದೆ. ಅದನ್ನು ಒಡೆದರೂ ಸರಿ, ಹಾಗೇ ಬಿಟ್ಟರೂ ಸರಿ.

ಎಲ್ಲಿ ಹೊಡೆಯಬೇಕು ಎಂಬುದನ್ನು ದಿಮ್ಮಿಯ ಮುಖವೇ ತೋರಿಸುತ್ತದೆ. ಅದನ್ನು ಓದುವ ಕೆಲಸ ನಿಮ್ಮ ಮಾವನವರಿಗೆ ಮತ್ತು ಮಗಳಿಗೆ ಕೊಡಿ. ಒಂದು ಗಟ್ಟಿ ಬ್ರಷ್ಷಿನಿಂದ ಗರಗಸದ ಹೊಟ್ಟು, ಮಣ್ಣು ಎಲ್ಲ ಉಜ್ಜಿ ತೆಗೆಯಿರಿ. ಒದ್ದೆ ಬಟ್ಟೆಯಿಂದ ಮುಖ ಒರೆಸಿ ಐದು ನಿಮಿಷ ಬಿಡಿ. ಮೇಲ್ಮೈ ಬೇಗ ಆರುತ್ತದೆ, ಬಿರುಕಿನೊಳಗೆ ಇಳಿದ ನೀರು ಉಳಿಯುತ್ತದೆ. ಕಣ್ಣಿಗೆ ಕಾಣದಿದ್ದ ಕೂದಲೆಳೆಯಂಥ ಬಿರುಕುಗಳು ಕಪ್ಪು ಗೆರೆಗಳಾಗಿ ಎದ್ದು ನಿಲ್ಲುತ್ತವೆ. ಅವುಗಳಲ್ಲಿ ಎದುರು ಮುಖದಲ್ಲೂ ಜೋಡಿ ಇರುವ ಬಿರುಕು ಯಾವುದು ನೋಡಿ, ಅದು ಒಳಗೆ ಬಹು ದೂರ ಹೋಗಿರುವ ಸಂಭವ ಹೆಚ್ಚು. ಮಗಳು ಸೀಮೆಸುಣ್ಣದಲ್ಲಿ ಆ ಗೆರೆಯ ಮೇಲೆ ಎಳೆಯಲಿ. ಆಮೇಲೆ ದಿಮ್ಮಿಯನ್ನು ಉರುಳಿಸಿ ಪಕ್ಕದಲ್ಲಿ ಗಂಟುಗಳನ್ನು ಹುಡುಕಿ. ಗಂಟು ಅಂದರೆ ತಿರುಳಿನವರೆಗೂ ಬೇರು ಬಿಟ್ಟ ಕೊಂಬೆಯ ಬುಡ, ಅಡ್ಡಕ್ಕೆ ಹೊಡೆದ ಮೊಳೆಯ ಹಾಗೆ. ಗೆರೆ ಗಂಟನ್ನು ತಪ್ಪಿಸಿ ಹೋಗುವಂತಿರಲಿ. ತಪ್ಪಿಸಲು ಆಗದಿದ್ದರೆ ಗಂಟು ಕೆಳಗೆ ಬರುವಂತೆ ದಿಮ್ಮಿಯನ್ನು ನಿಲ್ಲಿಸಿ, ಗಂಟಿಲ್ಲದ ತುದಿಯಿಂದ ಸೀಳು ಶುರುಮಾಡಿ. ಹತ್ತು ವರ್ಷದ ಮಗು ಈ ಕೆಲಸವನ್ನು ದೊಡ್ಡವರಿಗಿಂತ ಶ್ರದ್ಧೆಯಿಂದ ಮಾಡುತ್ತದೆ. ನನ್ನ ಮನೆಯಲ್ಲಿ ಹಾಗೇ ಆಗಿದೆ: ಸುಣ್ಣದ ಗೆರೆಗೆ ಹೊಂದಿಕೊಂಡು ಸೀಳು ಓಡಿದಾಗ ನನ್ನ ಮಗಳ ಮುಖ ನೋಡಬೇಕಿತ್ತು.

ಇನ್ನೊಂದು, ಒಂದೂವರೆ ಅಡಿ ಈ ಮರಕ್ಕೆ ಜಾಸ್ತಿ. ಹೆಣೆದ ನಾರಿನ ಮರದಲ್ಲಿ ಉದ್ದ ಹೆಚ್ಚಿದಷ್ಟೂ ಹರಿಯಬೇಕಾದ ನಾರೂ ಹೆಚ್ಚು. ಎಲ್ಲವನ್ನೂ ಮತ್ತೆ ಕೊಯ್ಯಬೇಕಿಲ್ಲ. ಎರಡು ಪಕ್ಕೆ ತೆಗೆಯುವಷ್ಟರಲ್ಲೇ ಹೈರಾಣು ಮಾಡಿದ ದಿಮ್ಮಿಗಳನ್ನು ಬೇರೆ ಇಟ್ಟು, ಅವನ್ನು ಮಾತ್ರ ನಡುವೆ ಕೊಯ್ದು 23 ಸೆ.ಮೀ. ಆಸುಪಾಸಿಗೆ ತನ್ನಿ. ಇಬ್ಬರು ಎಳೆಯುವ ಗರಗಸವಿದ್ದರೆ ಅದು ತಂದೆ ಮಗನ ಕೆಲಸ. ನೂಕಬಾರದು, ತಮ್ಮ ಕಡೆಗೆ ಎಳೆದುಕೊಳ್ಳುವುದಷ್ಟೇ. ಒಬ್ಬ ಎಳೆಯುವಾಗ ಇನ್ನೊಬ್ಬ ಕೈ ಸಡಿಲ ಬಿಡಬೇಕು.

ಕೊಡಲಿಯಿಂದ ಹೋಗದ ದಿಮ್ಮಿಗೆ ಬೆಣೆ. ಒಂದೇ ಬೆಣೆ ಇಟ್ಟುಕೊಂಡು ಗಟ್ಟಿ ಮರಕ್ಕೆ ಕೈ ಹಾಕಬೇಡಿ, ಕಡಿಮೆಯೆಂದರೆ 3 ಬೇಕು. ಮೊದಲ ಬೆಣೆಯನ್ನು ನಟ್ಟನಡುವೆ ಇಡಬೇಡಿ. ಸುಣ್ಣದ ಗೆರೆಯ ಮೇಲೆ, ಅಂಚಿಗೆ ಹತ್ತಿರ, ಬಿರುಕು ಅತಿ ಅಗಲವಾಗಿ ಕಾಣುವ ಕಡೆ ಇಡಿ. ಬಿರುಕೇ ಇಲ್ಲದಿದ್ದರೆ ಕೊಡಲಿಯಿಂದ ಎರಡು ಏಟು ಹಾಕಿ ಒಂದು ಕಚ್ಚು ಮಾಡಿ, ಇಲ್ಲವೇ ಗರಗಸದಿಂದ ಎರಡು ಬೆರಳು ಆಳಕ್ಕೆ ಕೊಯ್ಯಿರಿ. ಬೆಣೆ ಪುಟಿದು ಹೊರಗೆ ಹಾರುತ್ತಿದ್ದರೆ ಅದರ ಎರಡೂ ಕೆನ್ನೆಗೆ ಒಣ ಮಣ್ಣು ಉಜ್ಜಿ ನೋಡಿ, ಹಿಡಿತ ಸಿಗುತ್ತದೆ. ಸಣ್ಣ ಸಣ್ಣ ಏಟಿನಿಂದ ಬೆಣೆ ತಾನಾಗಿ ನಿಲ್ಲುವಷ್ಟು ಕೂರಿಸಿ, ಆಮೇಲಷ್ಟೇ ಎರಡೂ ಕೈಯಿಂದ ಸುತ್ತಿಗೆ ಎತ್ತಿ.

ಎರಡು ಮೂರು ಜೋರು ಏಟು ಹಾಕಿದ ಮೇಲೆ ನಿಲ್ಲಿಸಿ. ಕಿವಿಗೊಡಿ. ದಿಮ್ಮಿಯೊಳಗಿಂದ ಚಿರ್‍ರ್ ಎಂದು ಸಣ್ಣಗೆ ನಾರು ಹರಿಯುವ ಸದ್ದು ಬರುತ್ತಿರುತ್ತದೆ. ನೀವು ಸುಮ್ಮನಿದ್ದರೂ ಬೆಣೆ ಸುಮ್ಮನಿರುವುದಿಲ್ಲ, ಒಳಗೆ ಒತ್ತಡ ಕೆಲಸ ಮಾಡುತ್ತಿರುತ್ತದೆ. ಸದ್ದು ನಿಂತ ಮೇಲೆ ಮತ್ತೆ ಒಂದು ಏಟು. ಬೆಣೆ ಮುಕ್ಕಾಲು ಭಾಗ ಇಳಿದಾಗ ಬಿರುಕು ದಿಮ್ಮಿಯ ಮುಖದ ಮೇಲೆ ಮುಂದಕ್ಕೆ ಓಡಿರುತ್ತದೆ. ಎರಡನೆಯ ಬೆಣೆಯನ್ನು ಆ ಓಟದ ತುದಿಯಲ್ಲಿ ಇಡಿ. ಅದು ಇಳಿದಂತೆ ಮೊದಲನೆಯದು ಸಡಿಲವಾಗಿ ಕೈಗೆ ಬರುತ್ತದೆ. ಮೂರನೆಯದು ಪಕ್ಕದ ತೊಗಟೆಯ ಮೇಲೆ ಬಿರುಕು ಇಳಿದಿರುವ ಜಾಗಕ್ಕೆ. ಹೀಗೆ ಒಂದರ ಮುಂದೆ ಒಂದು ದಾಟಿಸುತ್ತಾ ಹೋದರೆ ಯಾವ ಬೆಣೆಯೂ ಹೂತುಹೋಗುವುದಿಲ್ಲ. ಬಾಯಿ ಬಿಟ್ಟ ದಿಮ್ಮಿಯ ನಡುವೆ ಹಗ್ಗದಂತೆ ಎಳೆದುಕೊಂಡ ನಾರುಗಳು ಉಳಿಯುತ್ತವೆ. ಹಾರೆ ತೂರಿಸಿ ಮೀಟಿ, ಉದ್ದ ಹಿಡಿಯ ಮಚ್ಚಿನಿಂದ ಅವನ್ನು ಕಡಿಯಿರಿ. ಬಿರುಕಿನೊಳಗೆ ಯಾರೂ, ಯಾವ ಕಾರಣಕ್ಕೂ ಬೆರಳು ಹಾಕಬಾರದು. ಬೆಣೆ ಹಾರಿದರೆ ಆ ಬಾಯಿ ಇಕ್ಕಳದಂತೆ ಮುಚ್ಚಿಕೊಳ್ಳುತ್ತದೆ.

ಈಗಾಗಲೇ ಹೂತುಹೋದ ನಿಮ್ಮ ಬೆಣೆಗೆ ಇದೇ ಮದ್ದು. ಅದರ ಮೇಲೆ ಇನ್ನು ಹೊಡೆಯಬೇಡಿ. ಅದೇ ಬಿರುಕಿನ ಗುಂಟ ಒಂದು ಗೇಣು ಆಚೆಗೆ ಇನ್ನೊಂದು ಬೆಣೆ ಇಳಿಸಿ. ಕಬ್ಬಿಣದ್ದು ಇಲ್ಲದಿದ್ದರೆ ಗಟ್ಟಿ ಒಣಮರದ ಒಂದು ಅಡಿ ಉದ್ದದ ಸೀಳನ್ನು ಚೂಪಾಗಿ ಕೆತ್ತಿ ಮರದ ಬೆಣೆ ಮಾಡಿಕೊಳ್ಳಿ. ಕೊಡಲಿ ಸಿಕ್ಕಿಹಾಕಿಕೊಂಡಾಗಲೂ ಕಾವನ್ನು, ಅಂದರೆ ಮರದ ಹಿಡಿಯನ್ನು, ಎಡಕ್ಕೆ ಬಲಕ್ಕೆ ತಿರುಚಬೇಡಿ, ಕುತ್ತಿಗೆಯಲ್ಲೇ ಮುರಿಯುತ್ತದೆ. ಕಾವಿನ ತುದಿಯನ್ನು ಅಂಗೈಯಿಂದ ಮೇಲೆ ಕೆಳಗೆ ಗುದ್ದಿದರೆ ಬಾಯಿ ಕಳಚಿಕೊಳ್ಳುತ್ತದೆ.

ಬೆಣೆಯ ತಲೆಯ ವಿಷಯ ಹೇಳದೆ ಮುಂದೆ ಹೋಗಲಾರೆ. ಹೊಡೆದು ಹೊಡೆದು ಬೆಣೆಯ ತಲೆ ಅಣಬೆಯಂತೆ ಸುತ್ತ ಅರಳಿಕೊಳ್ಳುತ್ತದೆ. ಆ ಅಂಚಿನ ಚೂರುಗಳು ಏಟಿಗೆ ಸಿಡಿಯುತ್ತವೆ. ನನಗೆ 19 ವರ್ಷವಿದ್ದಾಗ ಅಂಥದ್ದೇ ಹಳೆಯ ಬೆಣೆಗೆ ಹೊಡೆದೆ. ಉಗುರಿನಷ್ಟು ಉಕ್ಕಿನ ಚೂರು ಎರಡು ಹೆಜ್ಜೆ ಆಚೆ ನಿಂತಿದ್ದ ನನ್ನ ತಮ್ಮನ ಮುಂಗೈಯೊಳಗೆ ಹೊಕ್ಕಿತು. ಚರ್ಮದ ಮೇಲೆ ಒಂದು ಸಣ್ಣ ಕೆಂಪು ಗೀರು ಮಾತ್ರ, ಅವನಿಗೆ ಮುಳ್ಳು ಚುಚ್ಚಿದಂತಾಯಿತಂತೆ. ಸಂಜೆ ಕೈ ಬಾತುಕೊಂಡ ಮೇಲೆ ಕೊಯ್ದು ತೆಗೆಸಬೇಕಾಯಿತು. ಒಂದು ಮೊಳ ಮೇಲಕ್ಕೆ ಹಾರಿದ್ದರೆ ಕಣ್ಣು. ಅಂದಿನಿಂದ ಅರಳಿದ ಅಂಚನ್ನು ಉಜ್ಜುಗಲ್ಲಿನಲ್ಲಿ ತೇಯ್ದು ತೆಗೆಯದೆ ನಾನು ಬೆಣೆ ಮುಟ್ಟುವುದಿಲ್ಲ. ಕನ್ನಡಕವಿಲ್ಲದೆ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಹೊಡೆಯುವವರಿಗೆ ಮಾತ್ರವಲ್ಲ, ನೋಡುವವರಿಗೂ, ಸುಣ್ಣ ಎಳೆಯುವ ಮಗುವಿಗೂ ಕಣ್ಣು ಕಾಯುವ ಕನ್ನಡಕ ಬೇಕು. ಇದೇ ಕಾರಣಕ್ಕೆ ಸಾಮಾನ್ಯ ಕೊಡಲಿಯ ಬೆನ್ನನ್ನು ಸುತ್ತಿಗೆಯಂತೆ ಬಳಸುವುದಾಗಲಿ, ಸಿಕ್ಕಿಕೊಂಡ ಕೊಡಲಿಯ ಬೆನ್ನಿಗೆ ಸುತ್ತಿಗೆಯಿಂದ ಹೊಡೆಯುವುದಾಗಲಿ ಬೇಡ. ಚೂರು ಸಿಡಿಯುವುದು ಒಂದು ಕಡೆ, ಕಾವು ಕೂರುವ ತೂತು ಹಿಗ್ಗಿ ತಲೆಯೇ ಕಳಚಿ ಹಾರಬಹುದು.

ಕಾವು ಸಡಿಲವಾಗಿದೆಯೇ ಎಂದು ಪ್ರತಿ ಸಲ ಶುರುಮಾಡುವ ಮೊದಲು ನೋಡಿ. ಸಡಿಲವಾದರೆ ನೀರಿನಲ್ಲಿ ನೆನೆಹಾಕುವ ರೂಢಿ ಎಲ್ಲ ಕಡೆ ಇದೆ. ಅದು ಆ ದಿನಕ್ಕಷ್ಟೇ. ನೆನೆದ ಕಾವು ಉಬ್ಬಿ ತೂತಿನ ಗೋಡೆಗೆ ಒತ್ತಿಕೊಂಡು ಅದರ ನಾರು ನಜ್ಜುಗುಜ್ಜಾಗುತ್ತದೆ, ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಸಡಿಲ. ಕೊಡಲಿಯ ತಲೆಯ ತೂತಿನಲ್ಲಿ ಮರದ ಹೊಸ ಚೂರು ಬಡಿದು ಭದ್ರಮಾಡಿ, ಇಲ್ಲವೇ ಕಾವನ್ನೇ ಬದಲಿಸಿ.

ಇನ್ನು ಯಾರು ಏನು ಮಾಡಬೇಕು ಎಂಬ ಮಾತು. ನೆಲದ ಮೇಲೆ ಸುಣ್ಣದ ಪುಡಿಯಲ್ಲೋ ಹಗ್ಗದಲ್ಲೋ ಒಂದು ದೊಡ್ಡ ವೃತ್ತ ಹಾಕಿ. ನಡುವೆ ದಿಮ್ಮಿಗೆ ಅಡಿಗಿಡುವ ಕೊರಡಿನಿಂದ ಸುತ್ತ ಐದಾರು ಮೀಟರ್ ಇರಲಿ. ಕೊಡಲಿಯೋ ಸುತ್ತಿಗೆಯೋ ಎದ್ದಿರುವಾಗ ವೃತ್ತದೊಳಗೆ ಒಬ್ಬರೇ. ಸೀಳು ಎತ್ತಿಕೊಳ್ಳಲು ಬರುವವರು ಕೊಡಲಿ ನೆಲಕ್ಕೆ ಇಟ್ಟಿದ್ದನ್ನು ಕಣ್ಣಾರೆ ನೋಡಿ ಬರಬೇಕು. ದಿಮ್ಮಿಯನ್ನು ಯಾರೂ ಕೈಯಿಂದ ಹಿಡಿದುಕೊಳ್ಳುವುದಿಲ್ಲ, ಇನ್ನೊಬ್ಬರಿಗಾಗಿ ಬೆಣೆಯನ್ನೂ ಹಿಡಿಯುವುದಿಲ್ಲ. ಯಾರೇ "ನಿಲ್ಲಿ" ಅಂದರೂ, ಹತ್ತು ವರ್ಷದ ಮಗಳು ಅಂದರೂ, ಕೊಡಲಿ ಆ ಕ್ಷಣ ಕೆಳಗಿಳಿಯಬೇಕು. ಆ ಅಧಿಕಾರ ಮಗುವಿಗೆ ಕೊಟ್ಟು ನೋಡಿ, ಎಷ್ಟು ಎಚ್ಚರದಿಂದ ಸುತ್ತ ನೋಡುತ್ತಾಳೆ ಎಂದು ತಿಳಿಯುತ್ತದೆ. ಮಾವನವರು ವೃತ್ತದ ಆಚೆ ಕುಳಿತು ಯಾವ ದಿಮ್ಮಿ, ಯಾವ ಗೆರೆ ಎಂದು ಹೇಳಲಿ. ಹೊಡೆಯುವವರ ಏಟು ಮೊದಲಿಗಿಂತ ಓರೆಯಾಗಿ ಬೀಳತೊಡಗಿದರೆ ಕೈ ಸೋತಿದೆ ಎಂದು ಅರ್ಥ. ಅದನ್ನು ಹೊಡೆಯುವವರು ತಾವಾಗಿ ಒಪ್ಪುವುದಿಲ್ಲ, ಹೊರಗೆ ಕುಳಿತ ಹಿರಿಯರೇ ನಿಲ್ಲಿಸಬೇಕು. 15 ನಿಮಿಷಕ್ಕೊಮ್ಮೆ ಕೈ ಬದಲಾಗಲಿ.

ಮಗನಿಗೆ ಮೊದಲ ದಿನವೇ ಕೊಡಲಿ ಬೇಡ. ಬೆಣೆ ಮತ್ತು 3 ಕೆ.ಜಿ. ಸುತ್ತಿಗೆ ಕೊಡಿ. ಬೆಣೆ ಹೊಡೆಯುವಾಗ ಗುರಿ ಸಣ್ಣದು, ಎತ್ತುವ ಎತ್ತರ ಕಡಿಮೆ, ಕಣ್ಣು ಕೈ ಹೊಂದಿಕೊಳ್ಳುತ್ತವೆ. ಎರಡು ಮೂರು ದಿನ ಅದು ನೆಟ್ಟಗಾದ ಮೇಲೆ ಕೊಡಲಿ, ಅದೂ ಸುಲಭದ ದಿಮ್ಮಿಗೆ, ತಂದೆ ಆಚೆ ನಿಂತು ನೋಡುತ್ತಿರುವಾಗ. ನೀವು ಏನು ಮಾಡುತ್ತೀರಿ ಎಂದು ಪ್ರಶ್ನೆಯಲ್ಲಿ ಬರೆದೇ ಇಲ್ಲ. ದಯವಿಟ್ಟು ನೀವೂ ಕೊಡಲಿ ಹಿಡಿಯಿರಿ. ಪಕ್ಕೆ ಬಿಡಿಸುವ ಕೆಲಸಕ್ಕೆ ತೋಳಿನ ಬಲಕ್ಕಿಂತ ಏಟಿನ ಗುರಿ ಮುಖ್ಯ. ನನಗೆ ಈ ಕೆಲಸ ಕಲಿಸಿದ್ದು ನನ್ನ ಅಜ್ಜಿ, ನನ್ನ ಭುಜದಷ್ಟೂ ಎತ್ತರವಿರಲಿಲ್ಲ ಅವರು.

ನಿಲ್ಲುವ ರೀತಿ ಹೀಗೆ. ಅಡಿಗಿಡುವ ಕೊರಡು ಮೊಣಕಾಲಿಗಿಂತ ಎತ್ತರ ಬೇಡ. ದಿಮ್ಮಿಯನ್ನು ಕೊರಡಿನ ಆಚೆಯ ಅಂಚಿಗೆ ಇಡಿ, ಏಟು ಹಾದುಹೋದರೂ ಈಚೆಯ ಕೊರಡಿಗೇ ಕಚ್ಚುತ್ತದೆ, ಕಾಲಿಗೆ ಬರುವುದಿಲ್ಲ. ತಬ್ಬುವಷ್ಟು ದಪ್ಪದ ದಿಮ್ಮಿಯನ್ನು ಎತ್ತಿ ಸೊಂಟ ಹಿಡಿಸಿಕೊಳ್ಳಬೇಡಿ, ನೆಲದ ಮೇಲೇ ನಿಲ್ಲಿಸಿ ಪಕ್ಕೆ ತೆಗೆಯಿರಿ. ಕಾಲುಗಳು ಭುಜದಗಲಕ್ಕೆ, ಎರಡೂ ಒಂದೇ ಸಾಲಿನಲ್ಲಿ. ತೋಳು ನೀಡಿ ಕೊಡಲಿಯ ಬಾಯಿಯನ್ನು ಗೆರೆಯ ಮೇಲೆ ಇಟ್ಟು ದೂರ ಅಳೆದುಕೊಳ್ಳಿ. ಎತ್ತುವಾಗ ಮೇಲಿನ ಕೈ ಕೊಡಲಿಯ ತಲೆಯ ಹತ್ತಿರ, ಇಳಿಸುವಾಗ ಅದು ಜಾರಿ ಕೆಳಗಿನ ಕೈಗೆ ಬಂದು ಸೇರಬೇಕು. ಏಟು ಇಳಿಯುವ ಹೊತ್ತಿಗೆ ಮೊಣಕಾಲು ಬಾಗಿಸಿ. ನೆಟ್ಟಗೆ ನಿಂತು ಹೊಡೆದರೆ ಕೊಡಲಿ ಕಮಾನಿನಂತೆ ತಿರುಗಿ ನಿಮ್ಮ ಕಡೆಗೇ ಬರುತ್ತದೆ. ಬಾಗಿದರೆ ನೇರ ಕೆಳಕ್ಕೆ ಇಳಿಯುತ್ತದೆ. ಕಣ್ಣು ಕೊಡಲಿಯ ಮೇಲಲ್ಲ, ಸುಣ್ಣದ ಗೆರೆಯ ಮೇಲೆ. ದಿಮ್ಮಿ ಉರುಳುತ್ತಿದ್ದರೆ ಹಳೆಯ ಟೈರಿನೊಳಗೆ ನಿಲ್ಲಿಸಿ. ಸೀಳುಗಳು ಚೆದುರುವುದೂ ತಪ್ಪುತ್ತದೆ. ಬೆರಳು ಮುಚ್ಚುವ ಗಟ್ಟಿ ಬೂಟು ಎಲ್ಲರಿಗೂ ಇರಲಿ. ವರ್ಷದಿಂದ ಬಿದ್ದ ದಿಮ್ಮಿಯ ಅಡಿ, ಸಡಿಲ ತೊಗಟೆಯ ಸಂದಿನಲ್ಲಿ ಚೇಳು, ಜರಿ ಸೇರಿರುತ್ತವೆ. ಹಾರೆಯಿಂದ ಉರುಳಿಸಿ ನೋಡಿದ ಮೇಲಷ್ಟೇ ಕೈ ಹಾಕಲಿ.

ಸೀಳಿದ ಸೌದೆಯನ್ನು ನೆಲಕ್ಕೆ ತಾಗದಂತೆ ಎರಡು ಮರದ ಮೇಲೆ, ಗಾಳಿ ಆಡುವಂತೆ ಒಟ್ಟಿ. ತೇವ ಶೇ 20ಕ್ಕಿಂತ ಕೆಳಗಿಳಿಯಬೇಕು. ಎರಡು ಸೀಳು ಒಂದಕ್ಕೊಂದು ಬಡಿದರೆ ಠಣ್ ಎಂದರೆ ಒಣಗಿದೆ, ಡಬ್ ಎಂದರೆ ಇನ್ನೂ ಕಾಯಿರಿ.

ಕೊನೆಗೆ ಕವಲು ಮತ್ತು ಬುಡದ ತುಂಡುಗಳು ಉಳಿಯುತ್ತವೆ. ಕವಲಿನಲ್ಲಿ ಎರಡು ಕೊಂಬೆಗಳನ್ನು ಬೇರೆ ಮಾಡಲು ಹೋಗಬೇಡಿ, ನಡುವಿನ ನಾರು ಅಲ್ಲಿ ಗಂಟಾಗಿ ಬೆಸೆದಿರುತ್ತದೆ. ಎರಡೂ ಕೊಂಬೆಯ ತಿರುಳಿನ ಚುಕ್ಕಿಗಳನ್ನು ಸೇರಿಸಿ ಗೆರೆ ಎಳೆದು, ಎರಡನ್ನೂ ಒಟ್ಟಿಗೆ ಇಬ್ಭಾಗ ಮಾಡುವಂತೆ ಬೆಣೆ ಇಡಿ. ಬೇರು ತಿರುಚಿಕೊಂಡ ಬುಡದ ತುಂಡಿಗೆ ಅರ್ಧ ಗಂಟೆಗಿಂತ ಹೆಚ್ಚು ಕೊಡಬೇಡಿ. ಅವುಗಳಲ್ಲಿ ಅತಿ ಅಗಲವಾದದ್ದನ್ನು ಅಡಿಗಿಡುವ ಕೊರಡಾಗಿ ಮಾಡಿಕೊಳ್ಳಿ, ಅದಕ್ಕಿಂತ ಬಾಳಿಕೆಯ ಕೊರಡು ಸಿಗುವುದಿಲ್ಲ. ಮೊದಲ ದಿನಕ್ಕೆ ಮಾತ್ರ 30ರ ರಾಶಿಯನ್ನು ನೋಡಬೇಡಿ. ಹೆಚ್ಚು ಬಿರುಕು ಬಿಟ್ಟ, ಗಂಟಿಲ್ಲದ 5 ದಿಮ್ಮಿಗಳನ್ನು ಮಾವನವರು ಮತ್ತು ಮಗಳು ಹಿಂದಿನ ಸಂಜೆಯೇ ಆರಿಸಿ ಗೆರೆ ಎಳೆದಿಡಲಿ, ಬೆಳಗಿನ ತಂಪಿನಲ್ಲಿ ಶುರುಮಾಡಿ.